ಕೊನೆ ಸಾಲಿನ ಡ್ರಿಪ್ಪರ್ ನೋಡಿ: ಚಳಿಗೆ ಮುಂಚೆ ಪೈಪಿಗೂ ಎರಡು ದಿನ ಕೊಡಿ

ನವೆಂಬರ್ ಬಂತಂದ್ರೆ ನಮ್ಮ ಮೊಬೈಲಿನಲ್ಲಿ ಒಂದು ಜಾತಿಯ ವಿಡಿಯೋ ತೇಲಿ ಬರುತ್ತದೆ. ಅಮೆರಿಕದಲ್ಲೋ ಕೆನಡಾದಲ್ಲೋ ಒಬ್ಬಾತ ಮನೆ ಮುಂದಿನ ಲಾನಿನ ಸ್ಪ್ರಿಂಕ್ಲರ್ ಪೈಪಿಗೆ ಕಂಪ್ರೆಸರ್ ಜೋಡಿಸಿ, ಒಳಗಿರೋ ನೀರನ್ನೆಲ್ಲ ಬುಸ್ ಅಂತ ಹೊರಗೆ ಊದುತ್ತಿರುತ್ತಾನೆ. ಕೆಳಗೆ ನಮ್ಮ ಹುಡುಗರ ಕಾಮೆಂಟ್: "ಬ್ರೋ, ಡ್ರಿಪ್‌ಗೂ ಹೀಗೆ ಮಾಡಬಹುದಾ?"

ಅವರಿಗೆ ಅದು ಬೇಕು. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಸೀಳಿಹೋಗುತ್ತದೆ. ಅದಕ್ಕೇ ಚಳಿಗೆ ಮುಂಚೆ ಪೈಪು ಖಾಲಿ ಮಾಡ್ತಾರೆ. ನಮ್ಮ ಬೇತಮಂಗಲದ ಕಡೆ ಎಂಥ ಚಳಿ ಬಿದ್ದರೂ ನೀರು ಹೆಪ್ಪುಗಟ್ಟೋದಿಲ್ಲ. ಅದಲ್ಲದೆ, ನಮ್ಮ 16 ಮಿ.ಮೀ. ಲ್ಯಾಟರಲ್ ಒಂದು, ಒಂದೂವರೆ ಕೆ.ಜಿ. ಒತ್ತಡಕ್ಕೆ ಮಾಡಿದ್ದು. ಟಯರ್ ಅಂಗಡಿಯ ಕಂಪ್ರೆಸರ್ ಗಾಳಿ ಅದರ ಹಲವು ಪಟ್ಟು. ಊದಿದರೆ ಗ್ರೋಮೆಟ್, ಜಾಯ್ನರ್ ಎಲ್ಲ ಹಾರಿಹೋಗುತ್ತವೆ. ಆ ವಿಡಿಯೋ ನಮಗಲ್ಲ.

ಆದರೆ ಆ ಮನುಷ್ಯನಿಂದ ಒಂದು ವಿಷಯ ಮಾತ್ರ ಕಲಿಯಬೇಕು ಅಂತ ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ, ತಪ್ಪದೆ, ಒಂದು ದಿನ ಗೊತ್ತು ಮಾಡಿಕೊಂಡು ತನ್ನ ನೀರಿನ ಪೈಪುಗಳನ್ನು ನೋಡಿಕೊಳ್ಳುತ್ತಾನಲ್ಲ, ಅದು. ಬರೀ ಹುಲ್ಲು ಬೆಳೆಯೋ ಲಾನಿಗೆ ಅಷ್ಟು ಕಾಳಜಿ. ನಾವು ಹೊಟ್ಟೆಪಾಡಿನ ಟೊಮೆಟೊ, ಹಿಪ್ಪುನೇರಳೆ, ಮಾವು ಎಲ್ಲವನ್ನೂ ಡ್ರಿಪ್ ಮೇಲೆ ನಿಲ್ಲಿಸಿದ್ದೀವಿ. ಹಾಕಿಸಿದ ದಿನ ಫೋಟೋ ತೆಗೆದದ್ದು ಬಿಟ್ಟರೆ ಮತ್ತೆ ಅದರ ಕಡೆ ನೋಡೋದು ಗಿಡ ಬಾಡಿದಾಗಲೇ.

ಸಬ್ಸಿಡಿಯಲ್ಲಿ ಪೈಪು ಬರುತ್ತೆ, ಪಾಲನೆ ಬರಲ್ಲ

ನಾನು ತೋಟಗಾರಿಕೆ ಪದವಿ ಓದಿ, ಈಗ ಬೇತಮಂಗಲದ ಹತ್ತಿರ ಸಾವಯವದಲ್ಲಿ ತರಕಾರಿ, ಸ್ವಲ್ಪ ಮಾವು ಬೆಳೆಯೋನು. ನಮ್ಮ ಜಿಲ್ಲೆಯ ಕಥೆ ನಿಮಗೆ ಹೇಳಬೇಕಾಗಿಲ್ಲ. ವರ್ಷಪೂರ್ತಿ ಹರಿಯೋ ನದಿ ಇಲ್ಲ. ಪಾಲಾರ್ ಅಂತ ಹೆಸರಿದೆ, ಮಳೆ ಬಂದರೆ ಹರಿಯುತ್ತೆ. ಮಳೆ ಸರಾಸರಿ 700ರಿಂದ 750 ಮಿ.ಮೀ. ಆಸುಪಾಸು. ಅಂತರ್ಜಲ ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ತಾಲ್ಲೂಕುಗಳು ವರ್ಷಗಳಿಂದ ಇವೆ. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಸುದ್ದಿಯೇ ಅಲ್ಲ.

ಇಂಥ ಜಾಗದಲ್ಲಿ ಹನಿ ನೀರಾವರಿ ಇಲ್ಲದೆ ಬೇಸಾಯ ಇಲ್ಲ. ಸರ್ಕಾರವೂ ಅದಕ್ಕೇ ದೊಡ್ಡ ಪಾಲು ಸಬ್ಸಿಡಿ ಕೊಡುತ್ತಿದೆ. ಒಳ್ಳೆಯದೇ. ಆದರೆ ಒಂದೇ ಜಮೀನಿಗೆ ಒಮ್ಮೆ ಸಬ್ಸಿಡಿ ಪಡೆದರೆ ಮತ್ತೆ ಸಿಗೋದು ಏಳು ವರ್ಷ ಕಳೆದ ಮೇಲೆ. ಅಂದರೆ ನಮ್ಮ ಪೈಪು ಏಳು ವರ್ಷ ಬಾಳಬೇಕು ಅಂತ ಲೆಕ್ಕ. ನಮ್ಮ ಕಡೆ ಎಷ್ಟು ಜನರ ಡ್ರಿಪ್ ಏಳು ವರ್ಷ ಸರಿಯಾಗಿ ಹನಿಸುತ್ತೆ? ಮೂರನೇ ವರ್ಷಕ್ಕೇ ಅರ್ಧ ಡ್ರಿಪ್ಪರ್ ಕಟ್ಟಿಕೊಂಡು, "ಈ ಕಂಪನಿ ಪೈಪೇ ಸರಿ ಇಲ್ಲ" ಅಂತ ಬೈದು, ಸುರುಳಿ ಸುತ್ತಿ ಬದುವಿನ ಮೇಲೆ ಎಸೆದಿರೋದನ್ನು ನಾನೂ ನೋಡಿದೀನಿ, ನೀವೂ ನೋಡಿದೀರಿ. ಕೆಲವರು ಅದಕ್ಕೆ ಬೆಂಕಿ ಇಡ್ತಾರೆ. ಆ ಹೊಗೆ ಯಾರ ಮನೆಗೆ ಹೋಗುತ್ತೋ.

ನಿಜವಾದ ನಷ್ಟ ಪೈಪಿನದ್ದಲ್ಲ, ನೀರಿನದ್ದು. ಕೊನೆ ಸಾಲಿಗೆ ನೀರು ಹೋಗ್ತಿಲ್ಲ ಅಂತ ಗೊತ್ತಾದಾಗ ನಾವೇನು ಮಾಡ್ತೀವಿ? ಮೋಟಾರು ಇನ್ನೊಂದು ಗಂಟೆ ಜಾಸ್ತಿ ಓಡಿಸ್ತೀವಿ. ಮೊದಲ ಸಾಲು ಕೆಸರಾಗುತ್ತೆ, ಕೊನೆ ಸಾಲು ಹಾಗೇ ಒಣಗಿರುತ್ತೆ. ಆಮೇಲೆ "ಬೋರು ಕಮ್ಮಿ ಆಯ್ತು" ಅಂತ ಇನ್ನೊಂದು ಪಾಯಿಂಟ್ ನೋಡಿಸ್ತೀವಿ. ಡ್ರಿಪ್ ಇರೋ ತೋಟದಲ್ಲೇ ನೀರು ಪೋಲಾಗೋದು ಹೀಗೆ.

ಅಳೆದು ನೋಡಿದ ಒಂದು ಲೆಕ್ಕ

ಕಳೆದ ವರ್ಷ ಪಕ್ಕದ ಹಳ್ಳಿಯ ಒಬ್ಬ ಹುಡುಗ ಫೋನ್ ಮಾಡಿದ. "ಅಣ್ಣಾ, ಬೋರು ಕಮ್ಮಿ ಆಗೋಗಿದೆ. ಕೊನೇಲಿರೋ ಗಿಡ ಎಲ್ಲ ಬಾಡ್ತಾ ಇವೆ. ಹೊಸ ಪೈಪು ಹಾಕಿಸ್ಲಾ, ಬೋರು ಇಳಿಸ್ಲಾ?" ಎರಡಕ್ಕೂ ಮುಂಚೆ ಅಳತೆ ಮಾಡು ಅಂದೆ. ಅವನ ಹತ್ತಿರ ಇದ್ದದ್ದು ಗಂಟೆಗೆ 2 ಲೀಟರ್ ಡ್ರಿಪ್ಪರ್. ಅಂದರೆ ನಿಮಿಷಕ್ಕೆ 33 ಮಿ.ಲೀ. ಬರಬೇಕು. ಮೊಬೈಲಿನ ಸ್ಟಾಪ್‌ವಾಚ್, ಕೆಮ್ಮಿನ ಟಾನಿಕ್ ಬಾಟಲಿ ಜೊತೆ ಬರೋ ಅಳತೆ ಮುಚ್ಚಳ, ಒಂದು ಲೋಟ, ಇಷ್ಟೇ ಸಲಕರಣೆ. ಮೊದಲ ಸಾಲಿನಲ್ಲಿ 32 ಮಿ.ಲೀ. ಬಂತು, ನಡುವೆ 24, ಕೊನೆ ಸಾಲಿನ ಕೊನೆಯಲ್ಲಿ 9.

ಬೋರಿನಲ್ಲಿ ನೀರು ಇತ್ತು. ಕೊನೆವರೆಗೆ ಬರೋ ದಾರಿ ಮುಚ್ಚಿತ್ತು. ಎರಡು ದಿನ ತೊಳೆದ ಮೇಲೆ ಕೊನೆ ಸಾಲಿನಲ್ಲಿ 28 ಬಂತು. ಹೊಸ ಪೈಪೂ ಬೇಡವಾಯ್ತು, ಹೊಸ ಬೋರೂ ಬೇಡವಾಯ್ತು.

"ಅಷ್ಟೆಲ್ಲ ಯಾರು ಮಾಡ್ತಾರೆ, ಹೊಸದು ತಂದ್ರೆ ಆಯ್ತು" ಅನ್ನೋರಿಗೆ ಒಂದು ಲೆಕ್ಕ ಕೊಡ್ತೀನಿ. ನಾಲ್ಕು ಅಡಿ ಸಾಲಿನ ಒಂದು ಎಕರೆಗೆ ಸುಮಾರು 3,300 ಮೀಟರ್ ಲ್ಯಾಟರಲ್ ಬೇಕು. ನಿಮ್ಮೂರ ಅಂಗಡಿಯಲ್ಲಿ ಒಂದು ಮೀಟರಿನ ದರ ಕೇಳಿ 3,300ರಿಂದ ಗುಣಿಸಿ. ಆಮೇಲೆ ಎರಡು ದಿನದ ಕೂಲಿ, ಎರಡು ಮೂರು ಲೀಟರ್ ಆಸಿಡ್ ದರ ಪಕ್ಕದಲ್ಲಿ ಬರೆಯಿರಿ. ಯಾವುದು ಹೆಚ್ಚು ಅಂತ ನಾನು ಹೇಳಬೇಕಾಗಿಲ್ಲ.

ಚಳಿಗಾಲದ ಮುಂಚೆಯೇ ಯಾಕೆ?

ನಮಗೆ ಹಿಂಗಾರು ಮಳೆ ಮುಖ್ಯ. ಅಕ್ಟೋಬರ್, ನವೆಂಬರಿನಲ್ಲಿ ಮಳೆ ಬೀಳುವಾಗ ಡ್ರಿಪ್ ವಾರಗಟ್ಟಲೆ ನಿಂತಿರುತ್ತೆ. 2021ರ ನವೆಂಬರ್ ನೆನಪಿದೆಯಲ್ಲ, ಜಿಲ್ಲೆಯಲ್ಲಿ ಎಷ್ಟೋ ಕೆರೆ ಕೋಡಿ ಬಿದ್ದ ವರ್ಷ? ಅಂಥ ತಿಂಗಳಲ್ಲಿ ಡ್ರಿಪ್ ಯಾರಿಗೆ ಬೇಕು! ಆದರೆ ನಿಂತ ಪೈಪು ಸುಮ್ಮನೆ ಇರಲ್ಲ. ಡ್ರಿಪ್ಪರಿನ ಒಳದಾರಿಯಲ್ಲಿ ಉಳಿದ ನೀರು ನಿಧಾನಕ್ಕೆ ಆರುತ್ತೆ, ಅದರಲ್ಲಿದ್ದ ಸುಣ್ಣದ ಅಂಶ ಅಲ್ಲೇ ಕೂರುತ್ತೆ. ನಮ್ಮ ಆಳದ ಬೋರಿನ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತಲ್ಲ, ಅದೇ ಪದರ ಒಂದು ಮಿ.ಮೀ. ಅಗಲವೂ ಇಲ್ಲದ ಡ್ರಿಪ್ಪರ್ ದಾರಿಯಲ್ಲಿ ಕೂತರೆ ಏನಾಗಬೇಕು? ಜೊತೆಗೆ ಇರುವೆ ಒಳಗೆ ಹೋಗುತ್ತೆ, ಮಣ್ಣಿನ ಕಣ ಒಳಗೆ ಎಳೆದುಕೊಳ್ಳುತ್ತೆ.

ಮಾವಿನ ತೋಟದೋರಿಗೆ ಇದು ಇನ್ನೂ ಮುಖ್ಯ. ಫಸಲು ಕೊಡೋ ಮರಗಳಿಗೆ ಹೂ ಬರೋ ಮುಂಚೆ ಎರಡು ಮೂರು ತಿಂಗಳು ನೀರು ನಿಲ್ಲಿಸ್ತೀವಿ. ಮತ್ತೆ ನೀರು ಬಿಡೋದು ಕಾಯಿ ಬಟಾಣಿ ಗಾತ್ರ ಬಂದ ಮೇಲೆ. ಅಂದರೆ ಆ ಲಾನಿನವನ ಹಾಗೆ ನಮ್ಮ ಮಾವಿನ ಡ್ರಿಪ್ಪಿಗೂ ಚಳಿಗಾಲದ ರಜೆ ಇದೆ. ಅವನ ಶತ್ರು ಮಂಜುಗಡ್ಡೆ. ನಮ್ಮ ಶತ್ರುಗಳು ಸುಣ್ಣ, ಪಾಚಿ, ಇಲಿ.

ಆದ್ದರಿಂದ ನನ್ನ ಮಾತು ಇಷ್ಟು: ದೀಪಾವಳಿ ಕಳೆದು, ಮಳೆ ಬಿಡುವು ಕೊಟ್ಟ ಮೊದಲ ವಾರದಲ್ಲಿ ಎರಡು ದಿನ ಡ್ರಿಪ್ಪಿಗೆ ಅಂತ ಎತ್ತಿಡಿ. ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ. ರಾಗಿ ಕೊಯ್ಲು, ಟೊಮೆಟೊ ಕೀಳೋದು ಎಲ್ಲ ಇರುತ್ತೆ, ಗೊತ್ತು. ಅದಕ್ಕೇ ಮೊದಲೇ ಗೊತ್ತು ಮಾಡಿಕೊಳ್ಳಿ ಅನ್ನೋದು.

ಮೊದಲು ರೋಗ ಯಾವುದು ಅಂತ ನೋಡಿ

ಕಟ್ಟಿಕೊಂಡ ಒಂದೆರಡು ಡ್ರಿಪ್ಪರನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿ. ಫೋಟೋ ತೆಗೆದು ಇಟ್ಟುಕೊಳ್ಳಿ.

- ಬಿಳಿ, ಗಟ್ಟಿ ಪದರ ಇದ್ದರೆ ಅದು ಸುಣ್ಣ. ಅದರ ಮೇಲೆ ಒಂದು ಹನಿ ಆಸಿಡ್ ಬಿಟ್ಟರೆ ನೊರೆ ಬರುತ್ತೆ. ಇದಕ್ಕೆ ಆಸಿಡ್ ಮದ್ದು.
- ಹಸಿರು, ಲೋಳೆ ಇದ್ದರೆ ಪಾಚಿ. ಕೃಷಿ ಹೊಂಡ, ತೆರೆದ ಬಾವಿಯ ನೀರು ಬಳಸೋರಿಗೆ ಇದು ಸಾಮಾನ್ಯ. ಇದಕ್ಕೆ ಕ್ಲೋರಿನ್, ಮುಂದೆ ಬಾರದ ಹಾಗೆ ಮರಳು ಫಿಲ್ಟರ್.
- ಕಂದು, ಕೆಂಪು ಬಣ್ಣದ ಕೆಸರು ಇದ್ದರೆ ಕಬ್ಬಿಣದ ಅಂಶ.
- ಬರೀ ಮರಳು, ಮಣ್ಣು ಇದ್ದರೆ ಫಿಲ್ಟರ್ ಹರಿದಿದೆ, ಇಲ್ಲವೇ ಪೈಪು ಎಲ್ಲೋ ಒಡೆದು ಮಣ್ಣು ಎಳೆಯುತ್ತಿದೆ. ಇದಕ್ಕೆ ಯಾವ ಆಸಿಡ್ಡೂ ಕೆಲಸಕ್ಕೆ ಬರಲ್ಲ, ಫ್ಲಶ್ ಮಾಡಿ ತೂತು ಹುಡುಕಬೇಕು.

ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರ್ತಿದೆ. ಅದು ಅಂತರ್ಜಲ ತುಂಬಿಸೋದಕ್ಕೆ ಅಂತ ಬಿಟ್ಟ ನೀರು. ಆ ಕೆರೆಗಳ ಸುತ್ತ ಬಾವಿ, ಬೋರುಗಳಲ್ಲಿ ನೀರು ಮೇಲೆ ಬಂದಿದೆ. ನೀರಿನ ಮೂಲ ಬದಲಾದರೆ ಅದರ ಗುಣವೂ ಬದಲಾಗುತ್ತೆ. ಐದು ವರ್ಷದ ಹಿಂದಿನ ವರದಿ ಇಟ್ಟುಕೊಂಡು ಕೂರಬೇಡಿ, ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ. ಎಲ್ಲಿ ಕೊಡಬೇಕು ಅಂತ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲೋ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿದರೆ ಹೇಳ್ತಾರೆ.

ಮೊದಲ ದಿನ: ಫಿಲ್ಟರ್ ಮತ್ತು ಫ್ಲಶ್

ಫಿಲ್ಟರಿನಿಂದ ಶುರು ಮಾಡಿ. ಸ್ಕ್ರೀನ್ ಬಿಚ್ಚಿ, ಹಳೆ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿ. ಒಂದು ಸಣ್ಣ ಹರಕು ಕಂಡರೂ ಬದಲಾಯಿಸಿ. ಹರಿದ ಜಾಲರಿ ಇಟ್ಟುಕೊಳ್ಳೋದೂ ಫಿಲ್ಟರ್ ಇಲ್ಲದಿರೋದೂ ಒಂದೇ. ಡಿಸ್ಕ್ ಫಿಲ್ಟರ್ ಆದರೆ ಬಿಲ್ಲೆಗಳನ್ನು ಸಡಿಲ ಮಾಡಿ ಒಂದೊಂದಾಗಿ ತೊಳೆಯಿರಿ. ಮರಳು ಫಿಲ್ಟರಿಗೆ ಹಿಂದಕ್ಕೆ ನೀರು ಬಿಟ್ಟು, ತಿಳಿ ನೀರು ಬರೋವರೆಗೆ ಬ್ಯಾಕ್‌ವಾಶ್ ಮಾಡಿ. ಫಿಲ್ಟರಿನ ಹಿಂದೆ ಮುಂದೆ ಎರಡು ಪ್ರೆಶರ್ ಗೇಜ್ ಇರಬೇಕು. ಎರಡರ ನಡುವಿನ ವ್ಯತ್ಯಾಸ ಅರ್ಧ ಕೆ.ಜಿ. ಮುಟ್ಟಿತು ಅಂದರೆ ಫಿಲ್ಟರ್ ತುಂಬಿದೆ ಅಂತ ಅರ್ಥ. ಗೇಜ್ ಇಲ್ಲದೆ ಡ್ರಿಪ್ ಓಡಿಸೋದು ಮೀಟರ್ ಕೆಟ್ಟ ಬೈಕ್ ಓಡಿಸಿದ ಹಾಗೆ.

ಆಮೇಲೆ ಫ್ಲಶ್. ಇದಕ್ಕೆ ಒಂದು ಕ್ರಮ ಇದೆ: ಮೊದಲು ಮೇನ್‌ಲೈನ್, ಆಮೇಲೆ ಸಬ್‌ಮೇನ್, ಕೊನೆಗೆ ಲ್ಯಾಟರಲ್. ಸಬ್‌ಮೇನಿನ ಫ್ಲಶ್ ವಾಲ್ವ್ ತೆರೆದು ನೀರು ತಿಳಿಯಾಗೋವರೆಗೆ ಬಿಡಿ. ಲ್ಯಾಟರಲ್ ಎಂಡ್ ಕ್ಯಾಪ್‌ಗಳನ್ನು ಒಂದು ಸಲಕ್ಕೆ ನಾಲ್ಕೈದು ಮಾತ್ರ ಬಿಚ್ಚಿ. ಎಲ್ಲ ಒಟ್ಟಿಗೆ ಬಿಚ್ಚಿದರೆ ನೀರಿಗೆ ರಭಸ ಇರಲ್ಲ, ಕಸ ಅಲ್ಲೇ ಉಳಿಯುತ್ತೆ. ಮೊದಲು ಬರೋ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿ, ಒಳಗೆ ಏನಿದೆ ಅಂತ ಅದೇ ಹೇಳುತ್ತೆ. ಈ ಫ್ಲಶ್ ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬೇರೇನೂ ಮಾಡೋಕೆ ಆಗಲ್ಲ ಅನ್ನೋರು ಇದೊಂದನ್ನಾದರೂ ಮಾಡಿ.

ಎರಡನೇ ದಿನ: ಆಸಿಡ್, ಲೆಕ್ಕ ಹಾಕಿ

ಸುಣ್ಣ ಕಂಡರೆ ಮಾತ್ರ ಆಸಿಡ್. ಬೆಳೆ ಮುಗಿದು ಜಮೀನು ಖಾಲಿ ಇರೋವಾಗ ಮಾಡಿದರೆ ಒಳ್ಳೇದು. ಎಷ್ಟು ಹಾಕಬೇಕು ಅಂತ ಪಕ್ಕದ ತೋಟದವರನ್ನು ಕೇಳಬೇಡಿ, ಅವರ ನೀರು ಬೇರೆ, ನಿಮ್ಮ ನೀರು ಬೇರೆ. ಬಕೆಟ್ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ನಿಮ್ಮದೇ ಬೋರಿನ 10 ಲೀಟರ್ ನೀರು ತಗೊಳ್ಳಿ. ಅಂಗಡಿಯಲ್ಲಿ ಸಿಗೋ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಸಿರಿಂಜಿನಲ್ಲಿ ಒಂದೊಂದೇ ಮಿ.ಲೀ. ಹಾಕಿ, ಕಲಕಿ, ಪಿಎಚ್ ಕಾಗದ ಅದ್ದಿ ನೋಡ್ತಾ ಹೋಗಿ. ಪಿಎಚ್ 4ಕ್ಕೆ ಬಂದಾಗ ನಿಲ್ಲಿಸಿ.

ಉದಾಹರಣೆಗೆ 10 ಲೀಟರಿಗೆ 8 ಮಿ.ಲೀ. ಬೇಕಾಯ್ತು ಅಂದುಕೊಳ್ಳಿ. ಲೀಟರಿಗೆ 0.8 ಮಿ.ಲೀ. ಆಯ್ತು. ನಿಮ್ಮ ಪಂಪು ಗಂಟೆಗೆ 10,000 ಲೀಟರ್ ಎತ್ತುತ್ತೆ, ವೆಂಚುರಿಯಿಂದ ಕೊನೆ ಡ್ರಿಪ್ಪರಿಗೆ ಮುಟ್ಟೋಕೆ 15 ನಿಮಿಷ ಬೇಕು ಅಂದರೆ, ಆ ಹೊತ್ತಿನಲ್ಲಿ 2,500 ಲೀಟರ್ ನೀರು ಹೋಗುತ್ತೆ. 2,500 ಗುಣಿಸು 0.8, ಅಂದರೆ 2 ಲೀಟರ್ ಆಸಿಡ್. ಇದನ್ನು ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಸೇರಿಸಿ, ವೆಂಚುರಿ ಮೂಲಕ ಆ 15 ನಿಮಿಷಕ್ಕೆ ಸಮನಾಗಿ ಬಿಡಿ. ಕೊನೆ ಡ್ರಿಪ್ಪರಿನ ನೀರಿಗೆ ಪಿಎಚ್ ಕಾಗದ ಹಿಡಿದು 4 ಬಂದದ್ದು ನೋಡಿ ಮೋಟಾರು ನಿಲ್ಲಿಸಿ. 24 ಗಂಟೆ ಹಾಗೇ ಬಿಟ್ಟು, ಮಾರನೇ ದಿನ ಮತ್ತೆ ಸಬ್‌ಮೇನ್, ಲ್ಯಾಟರಲ್ ಫ್ಲಶ್ ಮಾಡಿ.

ಇಲ್ಲಿ ಎಚ್ಚರಿಕೆ ದಯವಿಟ್ಟು ಓದಿ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಎಂದೂ ಸುರಿಯಬಾರದು, ಸಿಡಿಯುತ್ತೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮಕ್ಕಳು ಹತ್ತಿರ ಬೇಡ. ಫ್ಲಶ್ ಮಾಡಿದ ನೀರನ್ನು ದನ ಕುಡಿಯದ ಹಾಗೆ ನೋಡಿಕೊಳ್ಳಿ.

ಪಾಚಿಗೆ ಬ್ಲೀಚಿಂಗ್ ಪುಡಿ ಬಳಸೋದಾದರೆ ಸಾವಿರ ಲೀಟರ್ ನೀರಿಗೆ ಸುಮಾರು 60 ಗ್ರಾಂ ಲೆಕ್ಕದಲ್ಲಿ ಬೇರೆ ಬಕೆಟಿನಲ್ಲಿ ಕಲಕಿ, ತಳಕ್ಕೆ ಸುಣ್ಣ ಕೂತ ಮೇಲೆ ಮೇಲಿನ ತಿಳಿ ಮಾತ್ರ ಬಿಡಿ. ಗಷ್ಟು ಸಮೇತ ಬಿಟ್ಟರೆ ಆ ಸುಣ್ಣವೇ ಡ್ರಿಪ್ಪರ್ ಮುಚ್ಚುತ್ತೆ. ಅದನ್ನೂ ಒಂದು ದಿನ ಬಿಟ್ಟು ಫ್ಲಶ್ ಮಾಡಿ. ಬ್ಲೀಚಿಂಗ್ ಪುಡಿ, ಆಸಿಡ್ ಎರಡನ್ನೂ ಒಂದೇ ದಿನ, ಒಂದೇ ಡ್ರಮ್ಮಿನಲ್ಲಿ, ಒಂದೇ ಪೈಪಿನಲ್ಲಿ ಸೇರಿಸಬೇಡಿ. ವಿಷದ ಕ್ಲೋರಿನ್ ಅನಿಲ ಬರುತ್ತೆ, ಪ್ರಾಣಕ್ಕೇ ಅಪಾಯ. ಎರಡೂ ಬೇಕಾದರೆ ಒಂದನ್ನು ಮುಗಿಸಿ, ಚೆನ್ನಾಗಿ ತೊಳೆದು, ಕೆಲವು ದಿನ ಬಿಟ್ಟು ಇನ್ನೊಂದು.

ನಮ್ಮ ಸಾವಯವದವರಿಗೆ ಒಂದು ಮಾತು

"ನಾವು ಕೆಮಿಕಲ್ ಬಿಡಲ್ಲ, ನಮ್ಮ ಡ್ರಿಪ್ ಕಟ್ಟಲ್ಲ" ಅಂತ ನಮ್ಮವರೇ ಹೇಳೋದು ಕೇಳಿದೀನಿ. ಇದು ಸುಳ್ಳು. ಜೀವಾಮೃತದಲ್ಲಿ ಸಗಣಿ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಇದೆ. ಬೆಲ್ಲ ತಿನ್ನೋ ಸೂಕ್ಷ್ಮಜೀವಿ ಮಣ್ಣಿನಲ್ಲೂ ಬೆಳೆಯುತ್ತೆ, ಪೈಪಿನ ಒಳಗೂ ಲೋಳೆ ಕಟ್ಟಿ ಬೆಳೆಯುತ್ತೆ. ಡ್ರಿಪ್ಪಿನಲ್ಲಿ ಬಿಡೋದಾದರೆ ತಿಳಿ ಮಾಡಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಫಿಲ್ಟರಿನ ಮುಂಚೆಯೇ ಸೇರಿಸಿ, ಆಮೇಲೆ ಕಡೇ ಪಕ್ಷ 20 ನಿಮಿಷ ಬರೀ ನೀರು ಓಡಿಸಿ. ಇಷ್ಟು ಪುರುಸೊತ್ತು ಇಲ್ಲದಿದ್ದರೆ ಗಿಡದ ಬುಡಕ್ಕೆ ಜಗ್ಗಿನಲ್ಲಿ ಹಾಕೋದೇ ವಾಸಿ.

ಸುಣ್ಣಕ್ಕೆ ನಾನು ಬಳಸೋದು ಸಿಟ್ರಿಕ್ ಆಸಿಡ್, ಅದೇ ನಿಂಬೆ ಉಪ್ಪು. ಬಕೆಟ್ ಪರೀಕ್ಷೆ ಹಾಗೇ, ಮಿ.ಲೀ. ಬದಲು ಗ್ರಾಂ ಲೆಕ್ಕ. ಖರ್ಚು ಸ್ವಲ್ಪ ಜಾಸ್ತಿ, ಕೈ ಸುಡೋ ಭಯ ಕಮ್ಮಿ. ಸಾವಯವ ಪ್ರಮಾಣಪತ್ರ ಇರೋರು ಪೈಪಿಗೆ ಏನೇ ಬಿಡೋ ಮುಂಚೆ ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ.

ನಿಲ್ಲಿಸೋ ಡ್ರಿಪ್, ಓಡಿಸೋ ಡ್ರಿಪ್

ಮಾವಿಗೆ ನೀರು ನಿಲ್ಲಿಸೋರು ತೊಳೆದ ಮೇಲೆ ಎಂಡ್ ಕ್ಯಾಪ್ ಬಿಚ್ಚಿ ನೀರು ಬಸಿದು, ಮತ್ತೆ ಮುಚ್ಚಿ, ಲ್ಯಾಟರಲ್ಲನ್ನು ದೊಡ್ಡ ಸುರುಳಿ ಮಾಡಿ ಮರದ ಕವಲಿಗೆ ನೇತು ಹಾಕಿ. ನೆಲದಲ್ಲಿ ಬಿಟ್ಟರೆ ಇಲಿ, ಅಳಿಲು ಕಡಿಯುತ್ತವೆ. ಒಣ ಕಾಲದಲ್ಲಿ ಪೈಪಿನ ಒಳಗಿನ ತೇವಕ್ಕೇ ಅವು ಬಾಯಿ ಹಾಕೋದು. ಒಣ ಹುಲ್ಲಿಗೆ ಬೆಂಕಿ ಬಿದ್ದರೂ ಮೇಲಿರೋ ಪೈಪು ಉಳಿಯುತ್ತೆ. ಇನ್ನೂ ಫಸಲಿಗೆ ಬಾರದ ಎಳೆ ಗಿಡಗಳಿಗೆ ನೀರು ನಿಲ್ಲಿಸಬೇಡಿ, ಅವುಗಳ ಲೈನು ಬೇರೆ ವಾಲ್ವಿಗೆ ಇರಲಿ.

ತರಕಾರಿಯವರು ಮಳೆ ಬಂದು ನೀರು ಬೇಡವಾದ ದಿನಗಳಲ್ಲೂ ವಾರ, ಹತ್ತು ದಿನಕ್ಕೊಮ್ಮೆ 10 ನಿಮಿಷ ಡ್ರಿಪ್ ಓಡಿಸಿ. ಡ್ರಿಪ್ಪರ್ ದಾರಿ ಒಣಗದಿದ್ದರೆ ಸುಣ್ಣ ಗಟ್ಟಿಯಾಗಲ್ಲ.

ಚಳಿಗಾಲಕ್ಕೆ ಟೈಮರ್ ಬದಲಾಯಿಸೋದು ಮರೀಬೇಡಿ. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್, ಅದರ ಮೇಲೆ 1 ಮಿ.ಮೀ. ನೀರು ಅಂದರೆ 4,000 ಲೀಟರ್. ನಾಲ್ಕು ಅಡಿ ಸಾಲು, 40 ಸೆಂ.ಮೀ. ಅಂತರದ 2 ಲೀಟರ್ ಡ್ರಿಪ್ಪರ್ ಇದ್ದರೆ ಎಕರೆಗೆ 8,300ರಷ್ಟು ಡ್ರಿಪ್ಪರ್, ಗಂಟೆಗೆ ಸುಮಾರು 16,600 ಲೀಟರ್, ಹತ್ತಿರ ಹತ್ತಿರ 4 ಮಿ.ಮೀ. ಬೋರು ಅಷ್ಟು ಎತ್ತದಿದ್ದರೆ ಎರಡು ವಾಲ್ವ್ ಮಾಡಿ ಒಂದಾದ ಮೇಲೊಂದು ಬಿಡಿ, ಲೆಕ್ಕ ಅದೇ. ತುಂಬಿ ನಿಂತ ಬೆಳೆಗೆ ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಬೇಕಾದ ಕಡೆ ಚಳಿಗಾಲದಲ್ಲಿ 3 ಮಿ.ಮೀ. ಸಾಕು. ಒಂದೂವರೆ ಗಂಟೆ ಬದಲು 45 ನಿಮಿಷ. ಕೊನೆ ಸಾಲು ಸರಿಯಾಗಿ ಹನಿಸಿದರೆ ಮಾತ್ರ ಈ 45 ನಿಮಿಷಕ್ಕೆ ಅರ್ಥ. ರಾತ್ರಿ ಕರೆಂಟಿಗೆ ಕಾದು, ಚಳಿಯಲ್ಲಿ ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ವಾಲ್ವ್ ತಿರುಗಿಸೋ ಸಮಯವೂ ಅರ್ಧ ಆಗುತ್ತೆ. ಮನೆಯಲ್ಲಿ ಅಮ್ಮ, ಹೆಂಡತಿ ಎದ್ದು ಕೂತು ಕಾಯೋದೂ ಕಮ್ಮಿ ಆಗುತ್ತೆ.

ಸ್ಪ್ರಿಂಕ್ಲರ್, ರೇನ್ ಪೈಪ್, ಮನೆ ಮುಂದಿನ ಲಾನ್

ನೆಲಗಡಲೆ, ರಾಗಿ, ಸೊಪ್ಪಿಗೆ ಸ್ಪ್ರಿಂಕ್ಲರ್, ರೇನ್ ಪೈಪ್ ಬಳಸೋರು ನಾಜಲ್ ಕಟ್ಟಿಕೊಂಡರೆ ತಂತಿ, ಮೊಳೆ ಹಾಕಿ ಚುಚ್ಚಬೇಡಿ. ತೂತು ದೊಡ್ಡದಾದರೆ ಆ ತಲೆ ಒಂದೇ ಹೆಚ್ಚು ನೀರು ಚೆಲ್ಲುತ್ತೆ, ಮುಂದಿನದಕ್ಕೆ ಒತ್ತಡ ಇರಲ್ಲ. ನೀರಿನಲ್ಲಿ ನೆನೆಸಿ, ಬ್ರಶ್ಶಿನಲ್ಲಿ ಉಜ್ಜಿ, ಹೆಚ್ಚೆಂದರೆ ತೆಂಗಿನ ಕಡ್ಡಿ. ಜೋಡಣೆಯ ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಈಗಲೇ ಬದಲಾಯಿಸಿ. ಚಳಿಗಾಲದಲ್ಲಿ ಸಂಜೆ ತುಂತುರು ಬಿಡಬೇಡಿ. ರಾತ್ರಿ ಇಬ್ಬನಿಯೂ ಸೇರಿ ಎಲೆ ಬೆಳಗಿನವರೆಗೆ ಒದ್ದೆ ಇರುತ್ತೆ. ಆಲೂಗಡ್ಡೆ, ಟೊಮೆಟೊಗೆ ಅಂಗಮಾರಿ ರೋಗ ಬರೋಕೆ ಅದಕ್ಕಿಂತ ಒಳ್ಳೇ ಆಹ್ವಾನ ಇಲ್ಲ. ಬಿಸಿಲು ಏರೋವಾಗ ಬಿಟ್ಟರೆ ಮಧ್ಯಾಹ್ನಕ್ಕೆ ಎಲೆ ಆರಿರುತ್ತೆ.

ಕೆಜಿಎಫ್, ಬಂಗಾರಪೇಟೆಯ ಮನೆಗಳಲ್ಲಿ ಸಣ್ಣ ಲಾನ್, ಕೈತೋಟ ಇಟ್ಟುಕೊಂಡೋರಿಗೂ ಇದೇ ಮಾತು. ಸ್ಪ್ರಿಂಕ್ಲರ್ ತಲೆ ಬಿಚ್ಚಿದರೆ ಒಳಗೆ ಒಂದು ಪುಟ್ಟ ಜಾಲರಿ ಇರುತ್ತೆ, ಅದನ್ನು ತೊಳೆಯಿರಿ. ಹುಲ್ಲಿಗೆ ಚಳಿಗಾಲದಲ್ಲಿ ದಿನಾ ನೀರು ಬೇಡ. ಬೆರಳು ಊರಿ ನೋಡಿ, ಒಂದು ಇಂಚು ಕೆಳಗೆ ಒಣಗಿದ್ದರೆ ಮಾತ್ರ ಬಿಡಿ.

ಯಾರು ಮಾಡಬೇಕು?

ಶಾಸನಗಳಲ್ಲಿ ವಿಜಯಾದಿತ್ಯಮಂಗಲ ಅಂತ ಕರೆಸಿಕೊಂಡ ಊರು ನಮ್ಮ ಬೇತಮಂಗಲ. ಇಲ್ಲಿಯ ಕೆರೆಯ ನೀರನ್ನು ಚಿನ್ನದ ಗಣಿಯ ಊರು ಕೆಜಿಎಫ್ ಎಷ್ಟೋ ಕಾಲ ಕುಡಿದಿದೆ. ಕೋಲಾರ ಸೀಮೆಯ ಕೆರೆಗಳು ಬಾಳಿದ್ದು ಕಟ್ಟಿದ ರಾಜರಿಂದ ಮಾತ್ರ ಅಲ್ಲ. ತೂಬು ಎತ್ತಿ ಇಳಿಸಿ, ಕಾಲುವೆ ಸರಿ ಮಾಡಿ, ಕೊನೆ ಗದ್ದೆಗೂ ನೀರು ಮುಟ್ಟಿತೇ ಅಂತ ನೋಡೋಕೆ ಊರಿಗೊಬ್ಬ ನೀರುಗಂಟಿ ಇದ್ದ. ಅವನಿಗೆ ಊರಿನವರು ಫಸಲಿನಲ್ಲಿ ಪಾಲು ಕೊಡ್ತಿದ್ರು. ಅಂದರೆ ಪಾಲನೆಯೂ ಕೆಲಸ, ಅದಕ್ಕೂ ಬೆಲೆ ಇದೆ ಅಂತ ಅವರಿಗೆ ಗೊತ್ತಿತ್ತು.

ಈಗ ಪ್ರತಿ ತೋಟದಲ್ಲೂ ಬೇರೆ ಬೋರು, ಬೇರೆ ಪೈಪು, ಆದರೆ ನೀರುಗಂಟಿ ಇಲ್ಲ. ಸರ್ಕಾರಕ್ಕೆ ನನ್ನ ಮನವಿ: ಪೈಪಿಗೆ ಕೊಡೋ ದುಡ್ಡಿನಲ್ಲಿ ಒಂದು ಸಣ್ಣ ಪಾಲನ್ನು ವರ್ಷಕ್ಕೊಮ್ಮೆ ತೊಳೆಯೋ ಸೇವೆಗೆ ಇಡಿ. ಊರಿಗೆ ಇಬ್ಬರು ಹುಡುಗರಿಗೆ ತರಬೇತಿ, ಒಂದು ಪಿಎಚ್ ಮೀಟರ್, ಒಂದು ಪ್ರೆಶರ್ ಗೇಜ್ ಕೊಟ್ಟರೆ ಅವರಿಗೂ ದುಡಿಮೆ, ನಮಗೂ ಉಳಿತಾಯ. ಪೈಪು ಮಾರೋರಿಗೆ: ಹಾಕಿ ಫೋಟೋ ತೆಗೆದು ಹೋಗೋದಲ್ಲ, ಫ್ಲಶ್ ವಾಲ್ವ್ ಎಲ್ಲಿದೆ, ಫಿಲ್ಟರ್ ಹೇಗೆ ಬಿಚ್ಚೋದು ಅಂತ ರೈತನ ಕೈಯಲ್ಲೇ ಮಾಡಿಸಿ ತೋರಿಸಿ. ರೈತರಿಗೆ: ಹಾಕಿಸೋವಾಗ ಬಿಲ್ಲು, ಗ್ಯಾರಂಟಿ ಕಾಗದದ ಫೋಟೋ ತೆಗೆದಿಡಿ, ಆಮೇಲಿನ ಸೇವೆ ಏನು ಕೊಡ್ತೀರಿ ಅಂತ ಸಹಿ ಹಾಕೋ ಮುಂಚೆ ಕೇಳಿ.

ಅದೆಲ್ಲ ಆಗೋವರೆಗೆ ನಮ್ಮ ಪೈಪಿಗೆ ನಾವೇ ನೀರುಗಂಟಿ. ನಾಳೆ ಬೆಳಿಗ್ಗೆ ಮೋಟಾರು ಹಾಕಿದಾಗ ಸ್ಟಾರ್ಟರ್ ಹತ್ತಿರ ನಿಲ್ಲಬೇಡಿ. ಒಂದು ಲೋಟ, ಒಂದು ಅಳತೆ ಮುಚ್ಚಳ ತಗೊಂಡು ಕೊನೆ ಸಾಲಿನ ಕೊನೆ ಡ್ರಿಪ್ಪರ್ ಹತ್ತಿರ ಹೋಗಿ, ಒಂದು ನಿಮಿಷ ಹಿಡಿಯಿರಿ. 2 ಲೀಟರ್ ಡ್ರಿಪ್ಪರ್ ಆದರೆ 33, 4 ಲೀಟರ್ ಆದರೆ 67 ಮಿ.ಲೀ. ಬರಬೇಕು. ಎಷ್ಟು ಬಂತು ಅಂತ ಬರೆದಿಟ್ಟುಕೊಳ್ಳಿ. ಪೈಪು ತೊಳೆದ ಮೇಲೆ ಅದೇ ಡ್ರಿಪ್ಪರನ್ನು ಮತ್ತೆ ಅಳೆಯಿರಿ. ಹೊಸ ಪೈಪೋ ಹೊಸ ಬೋರೋ ಅನ್ನೋ ಮಾತು ಆಮೇಲೆ ಮಾತಾಡೋಣ.